ಮಂಗಳವಿಲ್ಲದ ಆಟ

ದಾಂಪತ್ಯದಲ್ಲಿ ವಾದಕ್ಕೆ ಕಾರಣ ಬೇಕಾಗಿಲ್ಲವೆಂದು ಬಲ್ಲವರು ಹೇಳುವರು. ನಮ್ಮ ಹೊನ್ನಾವರದ ಮನೆಯಲ್ಲಿ ಮಾತ್ರ ಕಾರಣವೊಂದುಂಟು. ಅದು ನಡುಮನೆಯ ಗೋಡೆಯ ಮೇಲಿದ್ದು ಸಂಜೆಯಾಗುತ್ತಲೇ ಬೆಳಗುತ್ತದೆ. ಧಾರಾವಾಹಿಯ ಶೀರ್ಷಿಕೆಗೀತೆ ಕೇಳಿಸಿತೆಂದರೆ ನನ್ನಾಕೆ ಕೈಯೊರಸಿಕೊಳ್ಳುತ್ತ ಅಡಿಗೆಮನೆಯಿಂದ ಬರುವಳು. ನನ್ನ ತಾಯಿ ಅದಕ್ಕೂ ಮೊದಲೇ ಕುರ್ಚಿಯಲ್ಲಿ ಆಸೀನರಾಗಿರುವರು. ಉತ್ತರಪತ್ರಿಕೆಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡ ನಾನು, ನೋಡುತ್ತಿಲ್ಲವೆಂಬ ಮುಖಮುದ್ರೆಯಿಂದ ಎಲ್ಲವನ್ನೂ ನೋಡುವೆನು.

ಈಗ ಹೇಳಹೊರಟಿರುವುದು ‘ಪುಟ್ಟಕ್ಕನ ಮಕ್ಕಳು’ ಪ್ರಸಾರವಾಗುತ್ತಿದ್ದ ಕಾಲದ ಒಂದು ಮಳೆಗಾಲದ ಸಂಜೆಯ ಮಾತು. 2021ರ ಕೊನೆಯಲ್ಲಿ ಆರಂಭವಾದ ಆ ಧಾರಾವಾಹಿಯಲ್ಲಿ ಗಂಡು ಸಂತಾನವಿಲ್ಲವೆಂದು ಗಂಡನಿಂದ ತೊರೆಯಲ್ಪಟ್ಟ ಪುಟ್ಟಕ್ಕ, ಊಟದ ಮೆಸ್ಸು ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಆ ಪಾತ್ರಕ್ಕೆ ಜೀವ ತುಂಬಿದವರು ಉಮಾಶ್ರೀ. ಅಭಿನಯದ ವಿಷಯದಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಇದ್ದುದು ಕಥೆಯ ಉದ್ದದ ಬಗ್ಗೆ.

“ಕಥೆಯೆಂದ ಮೇಲೆ ಆದಿ, ಮಧ್ಯ, ಅಂತ್ಯಗಳಿರಬೇಕು,” ಎಂದೆ ನಾನು, ತರಗತಿಯ ಧ್ವನಿಯಲ್ಲಿ. “ಇದಕ್ಕೆ ಮಧ್ಯವೊಂದೇ ಇದೆ. ನಮ್ಮ ಸೀಮೆಯಲ್ಲಿ ಹುಟ್ಟಿದ ಶಂಕರನಾಗ್ 1980ರ ದಶಕದಲ್ಲಿ ಆಗುಂಬೆಯನ್ನೇ ಮಾಲ್ಗುಡಿಯನ್ನಾಗಿ ಮಾಡಿ ಆರ್. ಕೆ. ನಾರಾಯಣರ ಕಥೆಗಳನ್ನು ಚಿತ್ರಿಸಿದರು. ಹೆಚ್ಚಿನ ಕಥೆಗಳು ಒಂದೇ ಕಂತಿಗೆ ಮುಗಿಯುತ್ತಿದ್ದವು, ಆದರೆ ಇಂದಿಗೂ ಮನಸ್ಸಿನಲ್ಲಿ ಮುಗಿದಿಲ್ಲ. 1998ರ ‘ಮಾಯಾಮೃಗ’ ದಿನವೂ ಬರುತ್ತಿತ್ತಾದರೂ ಅದರಲ್ಲಿ ಮಧ್ಯಮ ವರ್ಗದ ಮನೆಗಳ ನಿಜವಾದ ಮಾತಿತ್ತು. ಈಗಲೋ, ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದು ಉಳಿದ ಇಪ್ಪತ್ತು ಚಿಲ್ಲರೆ ನಿಮಿಷಗಳಲ್ಲಿ ಒಬ್ಬಳು ಬಾಗಿಲು ತೆರೆಯುತ್ತಾಳೆ. ಉಳಿದ ಐವರ ಮುಖವನ್ನು ಮೂರು ಮೂರು ಸಲ ತೋರಿಸುತ್ತಾರೆ. ವಾರ ವಾರದ ಟಿ.ಆರ್.ಪಿ. ಅಂಕ ಏರಿದರೆ ಕಥೆ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ. ಇದನ್ನು ಬರೆಯುವವರು ಲೇಖಕರೋ ಲೆಕ್ಕಿಗರೋ!”

ನನ್ನಾಕೆ ಪರದೆಯಿಂದ ಕಣ್ಣು ತೆಗೆಯದೆಯೇ ಉತ್ತರಿಸಿದಳು:

“ಚಿಟ್ಟಾಣಿಯವರ ಕೀಚಕನನ್ನು ನೀವು ಎಷ್ಟು ಸಲ ನೋಡಿದ್ದೀರಿ?”

ಇದು ಮರ್ಮಕ್ಕೆ ತಾಗಿದ ಪ್ರಶ್ನೆ. ನಮ್ಮ ತಾಲ್ಲೂಕಿನವರೇ ಆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ಕಾಲವಾಗುವವರೆಗೆ, ಸುತ್ತಮುತ್ತ ಅವರ ಆಟವಿದ್ದ ರಾತ್ರಿ ನಾನು ಮನೆಯಲ್ಲಿ ಮಲಗಿದ್ದು ಕಡಿಮೆ.

“ಲೆಕ್ಕವಿಟ್ಟಿಲ್ಲ,” ಎಂದೆ.

“ಕೀಚಕ ಸಾಯುವನೆಂದು ಮೊದಲೇ ಗೊತ್ತು. ಆದರೂ ರಾತ್ರಿಯೆಲ್ಲ ಎಚ್ಚರವಿರುವಿರಿ. ಗದಾಯುದ್ಧದ ಕೌರವ ಕೊಳದಿಂದ ಮೇಲೇಳಲು ಒಂದು ತಾಸು ತೆಗೆದುಕೊಂಡರೆ ಅದು ಅರ್ಥಗಾರಿಕೆ. ನಮ್ಮ ಪುಟ್ಟಕ್ಕ ಬಾಗಿಲು ತೆರೆಯಲು ಐದು ನಿಮಿಷ ತೆಗೆದುಕೊಂಡರೆ ಅದು ಎಳೆತ! ಹೋಗಲಿ, ವಾರಪತ್ರಿಕೆ ಬಂದೊಡನೆ ನೀವು ಮೊದಲು ಬಿಡಿಸುವ ಪುಟ ಧಾರಾವಾಹಿಯದೇ ಅಲ್ಲವೇ?”

“ಆಟಕ್ಕೆ ಬೆಳಗಾಗುವಾಗ ಮಂಗಳವುಂಟು. ಇದಕ್ಕೆ ಮಂಗಳವೇ ಇಲ್ಲ,” ಎಂದೆ. ಇದಕ್ಕಿಂತ ಒಳ್ಳೆಯ ಉತ್ತರ ಹೊಳೆಯಲಿಲ್ಲ.

ಆ ಕ್ಷಣಕ್ಕೆ ವಿದ್ಯುತ್ತು ಹೋಯಿತು. ನಮ್ಮ ಕರಾವಳಿಯ ಆಷಾಢದಲ್ಲಿ ಇದು ಹೊಸತಲ್ಲ. ಹಂಚಿನ ಮೇಲೆ ಮಳೆ ಸುರಿಯುವ ಸದ್ದೊಂದೇ ಉಳಿಯಿತು. ಕತ್ತಲೆಯಲ್ಲಿ ನನ್ನಾಕೆ ಮೆಲ್ಲನೆ ಹೇಳಿದಳು:

“ಕಥೆ ಎಳೆಯುತ್ತಾರೆಂದು ನನಗೂ ಗೊತ್ತು. ಆದರೆ ಹೆಂಗಸೊಬ್ಬಳು ದುಡಿದು ತಲೆಯೆತ್ತಿ ನಿಂತುದನ್ನು ಮನೆಮಂದಿಯೆಲ್ಲ ಒಟ್ಟಿಗೆ ಕೂತು ಮೆಚ್ಚುವುದು ಈ ಅರ್ಧ ಗಂಟೆ ಮಾತ್ರ. ಅದಕ್ಕಾಗಿ ನೋಡುತ್ತೇನೆ.”

ನಾನು ಮಾತಾಡಲಿಲ್ಲ. ಅದರ ಹಿಂದಿನ ವರ್ಷ ಕುಮಟಾದ ಶಾಲೆಯೊಂದರಲ್ಲಿ ಅವಳಿಗೆ ಶಿಕ್ಷಕಿಯ ಕೆಲಸ ದೊರೆತಿತ್ತು. ಹಗಲಿಡೀ ತಾಯಿಯೊಬ್ಬರೇ ಮನೆಯಲ್ಲಿರಬೇಕಾದೀತೆಂದು ನಾವೆಲ್ಲ ಸೇರಿ ಬೇಡವೆಂದಿದ್ದೆವು. ‘ನಾವೆಲ್ಲ’ ಎಂದರೆ ತಾಯಿ ಮತ್ತು ನಾನು. ಭಟ್ಕಳದ ಕಾಲೇಜಿಗೆ ದಿನವೂ ನಲವತ್ತು ಕಿಲೋಮೀಟರು ದಕ್ಷಿಣಕ್ಕೆ ಹೋಗಿಬರುವ ನನಗೆ, ಅವಳು ಇಪ್ಪತ್ತು ಕಿಲೋಮೀಟರು ಉತ್ತರಕ್ಕೆ ಹೋಗುವುದು ಬಲು ದೂರವೆಂದು ಕಂಡಿತ್ತು. ಅವಳು ಆಗ ಪ್ರತಿ ಹೇಳಿರಲಿಲ್ಲ. ಹೇಳದ ಮಾತು ಒಂದು ವರ್ಷದಿಂದ ಸಂಜೆ ಸಂಜೆಯೂ ನನ್ನ ಪಕ್ಕದಲ್ಲಿಯೇ ಕುಳಿತಿತ್ತು. ಉತ್ತರಪತ್ರಿಕೆ ತಿದ್ದುತ್ತಿದ್ದ ನಾನು ಈ ಒಂದು ಪತ್ರಿಕೆಯನ್ನು ಓದಿರಲಿಲ್ಲ.

ಕುರ್ಚಿಯ ಕಡೆಯಿಂದ ತಾಯಿಯ ಧ್ವನಿ ಬಂತು: “ಮಾಣೀ, ಕುಮಟಾದ ಆ ಕೆಲಸ ಇನ್ನೂ ಇದ್ದೀತೇ? ಹಗಲು ಒಬ್ಬಳೇ ಇರಲು ನನಗೇನೂ ಭಯವಿಲ್ಲ.”

ಯಾರೂ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿಗೆ ದೀಪ ಬಂದಾಗ ಪರದೆಯ ಮೇಲೆ ಮುಂದಿನ ಸಂಚಿಕೆಯ ತುಣುಕು ಓಡುತ್ತಿತ್ತು. ನನ್ನಾಕೆ ಸೆರಗಿನಿಂದ ಕಣ್ಣೊರಸಿಕೊಂಡುದು ಪುಟ್ಟಕ್ಕನಿಗಾಗಿ ಅಲ್ಲ.

ಆ ಕೆಲಸ ಬೇರೆಯವರಿಗೆ ಹೋಗಿಯಾಗಿತ್ತು. ಮರುವರ್ಷ ಕುಮಟಾದಲ್ಲಿಯೇ ಇನ್ನೊಂದು ಶಾಲೆಯಲ್ಲಿ ಅವಳಿಗೆ ಕೆಲಸವಾಯಿತು. ಪಕ್ಕದ ಮನೆಯವರು ಮಧ್ಯಾಹ್ನ ಒಮ್ಮೆ ಬಂದು ತಾಯಿಯನ್ನು ವಿಚಾರಿಸಿ ಹೋಗುತ್ತಾರೆ. ಈಗ ಬೆಳಿಗ್ಗೆ ನಾವಿಬ್ಬರೂ ಒಟ್ಟಿಗೆ ಮನೆ ಬಿಟ್ಟು, ಹೆದ್ದಾರಿಯ ಎರಡು ಬದಿಗಳಲ್ಲಿ ಎರಡು ದಿಕ್ಕಿನ ಬಸ್ಸಿಗೆ ಕಾಯುತ್ತೇವೆ.

ಸಂಜೆಯ ಹೊತ್ತು ಗೋಡೆಯ ಮೇಲೆ ಈಗ ಬೇರೆಯದೇ ಧಾರಾವಾಹಿ. ಮಡಿಲಲ್ಲಿ ನೋಟುಬುಕ್ಕುಗಳ ರಾಶಿಯಿಟ್ಟುಕೊಂಡು ಒಳಕೋಣೆಯಲ್ಲಿ ತಿದ್ದುವವಳು ಅವಳು. ತಾಯಿಯ ಪಕ್ಕದಲ್ಲಿ ಕುಳಿತು ಅಂದಿನ ಕಂತನ್ನು ನೋಡಿ, ಊಟದ ಹೊತ್ತಿಗೆ ಅವಳಿಗೆ ವರದಿ ಒಪ್ಪಿಸುವ ಹೊಣೆ ನನ್ನದು. ಮೊನ್ನೆ ಕಥೆಯ ಬಂಧ ಸಡಿಲವಾಯಿತೆಂದು ವಿವರಿಸಹೊರಟೆ.

“ನಿಮ್ಮ ವಿಮರ್ಶೆ ಹಾಗಿರಲಿ,” ಎಂದಳು ಅನ್ನ ಬಡಿಸುತ್ತ, “ಬಾಗಿಲು ತೆರೆದಳೋ ಇಲ್ಲವೋ, ಅದನ್ನು ಮೊದಲು ಹೇಳಿ.”