ಸಂಘಕ್ಕೊಂದು ಕಿವಿ ಬೇಡವೇ?

ಕಳೆದ ವರ್ಷ ಅಕ್ಟೋಬರ್ ತಿಂಗಳಲ್ಲಿ ನಮ್ಮ ಬಳಗಕ್ಕೆ ಒಂದು ಕೋರಿಕೆ ಬಂತು. ಕೋರಿದವರು ಹೈದರಾಬಾದಿನಲ್ಲಿ ಮನಸ್ಸಿನ ಸಂಕಟಕ್ಕೆ ಸಿಲುಕಿದವರಿಗಾಗಿ ಉಚಿತವಾಗಿ ದುಡಿಯುವ ಸೇವಾಸಂಸ್ಥೆಯೊಂದರ ಕಾರ್ಯಕರ್ತೆ. ಮಧ್ಯ ಕರ್ನಾಟಕದ ಹಳ್ಳಿಯೊಂದರಿಂದ ಬಂದು ಇಲ್ಲಿ ಮಗನ ಮನೆಯಲ್ಲಿ ನೆಲೆಸಿದ್ದ ತಾಯಿಯೊಬ್ಬರು, ಗಂಡ ತೀರಿಕೊಂಡ ಮೇಲೆ ಮೊದಲು ಊಟ, ಆಮೇಲೆ ನಿದ್ರೆ, ಕೊನೆಗೆ ಮಾತನ್ನೂ ಬಿಡುತ್ತ ಬಂದಿದ್ದರು. ಅವರಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. ಸಂಸ್ಥೆಯವರಿಗೆ ತೆಲುಗು, ಹಿಂದಿ, ಇಂಗ್ಲಿಷ್ ಬಲ್ಲವು, ಕನ್ನಡ ಬಾರದು. ನಡುವೆ ದುಭಾಷಿಯಾಗಿ ಕುಳಿತವರು ಸೊಸೆ. ಏನು ಕೇಳಿದರೂ ಆ ತಾಯಿಯದು ಒಂದೇ ಉತ್ತರ: "ಏನೂ ಇಲ್ಲಮ್ಮ, ಚೆನ್ನಾಗೇ ಇದ್ದೀನಿ."

ಸೊಸೆ ಒಳ್ಳೆಯವರೇ. ಆದರೆ ಮನೆಯೊಳಗಿನ ಒಂಟಿತನವನ್ನು ಮನೆಯವರ ಬಾಯಿಂದಲೇ ಹೊರಗಿನವರಿಗೆ ಹೇಳಿಸುವುದು ಹೇಗೆ? ಕಾರ್ಯಕರ್ತೆಗೆ ಇದು ಅರ್ಥವಾಗಿತ್ತು. ಆಕೆ ನಮ್ಮನ್ನು ಕೇಳಿದ್ದು ಹಣವನ್ನಲ್ಲ, ಸಭಾಂಗಣವನ್ನಲ್ಲ. ಮನೆಯವರಲ್ಲದ ಒಬ್ಬ ಕನ್ನಡಿಗರನ್ನು ವಾರಕ್ಕೆ ಒಂದು ಗಂಟೆ ಕಳುಹಿಸಿಕೊಡಿ ಎಂದಷ್ಟೇ ಕೇಳಿದರು.

ನಾವು ಏನೆಂದೆವು? ರಾಜ್ಯೋತ್ಸವ ಮುಗಿಯಲಿ ಎಂದೆವು. ಬಾವುಟ, ಭಾಷಣ, ಭಾವಗೀತೆ, ಬಿಸಿಬೇಳೆಬಾತು ಎಲ್ಲವೂ ಸಾಂಗವಾಗಿ ಮುಗಿದವು. ಸನ್ಮಾನಿತರಿಗೆ ಶಾಲು ಹೊದಿಸಿ, ಕನ್ನಡವೇ ನಮ್ಮ ಉಸಿರು ಎಂದು ಸಾರಿದೆವು. ಅದೇ ವಾರಗಳಲ್ಲಿ ಕನ್ನಡದಲ್ಲಿ ಉಸಿರು ಬಿಡಲೂ ಜೊತೆಯಿಲ್ಲದೆ ಒಬ್ಬರು ಗೋಡೆ ನೋಡುತ್ತ ಕುಳಿತಿದ್ದರು. ಕೋರಿಕೆ ಬಂದ ದಿನಕ್ಕೂ ನಮ್ಮವರೊಬ್ಬರು ಹೋದ ದಿನಕ್ಕೂ ನಡುವೆ ಐದು ವಾರಗಳು ಕಳೆದಿದ್ದವು. ಈ ಲೇಖನ ಆ ಐದು ವಾರಗಳ ವಿರುದ್ಧ. ಅಂದರೆ, ಮೊದಲು ನಮ್ಮ ವಿರುದ್ಧವೇ.

ಇದು ನಮ್ಮ ಕೆಲಸವಲ್ಲ, ನಾವು ಸಾಹಿತ್ಯ ಸಂಸ್ಕೃತಿಯವರು ಎಂಬುದು ನಾವು ಕೇಳುವ ಮೊದಲ ಆಕ್ಷೇಪ. ಹಾಗೆನ್ನುವವರು ಹೈದರಾಬಾದಿನ ಕನ್ನಡದ ಚರಿತ್ರೆಯನ್ನು ಮರೆತಿದ್ದಾರೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ, ಆಮೇಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿ, ಬೀದರ, ಕಲಬುರಗಿ, ರಾಯಚೂರು ಈ ನಗರದೊಡನೆ ಒಂದೇ ಆಡಳಿತದಲ್ಲಿದ್ದವು. ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಶಾಲೆಯನ್ನೂ ಕರ್ನಾಟಕ ಸಾಹಿತ್ಯ ಮಂದಿರವನ್ನೂ ಕಟ್ಟಿದ ಹಿರಿಯರು ತಮ್ಮ ಜನರಿಗೆ ಯಾವುದರ ಕೊರತೆಯಿದೆ ಎಂದು ನೋಡಿದರು, ಅದನ್ನು ಒದಗಿಸಿದರು. ಅಂದಿನ ಕೊರತೆ ಅಕ್ಷರದ್ದಾಗಿತ್ತು. ಇಂದು ಮಿಯಾಪುರ, ಕೊಂಡಾಪುರ, ಗಚ್ಚಿಬೌಲಿಗಳ ಎತ್ತರದ ಕಟ್ಟಡಗಳಲ್ಲಿ ಬೇರೊಂದು ಕೊರತೆಯಿದೆ. ಮಕ್ಕಳ ಹಿಂದೆ ಬಂದ ಮುದಿ ತಂದೆತಾಯಂದಿರು, ಮದುವೆಯಾಗಿ ಬಂದ ಹೊಸ ಹೆಣ್ಣುಮಕ್ಕಳು, ಪರೀಕ್ಷೆಗೆ ಓದುವ ಹುಡುಗರು, ಇವರ ಮಾತಿಗೆ ಕಿವಿಯಿಲ್ಲ. ಹಿರಿಯರ ಪರಂಪರೆಯನ್ನು ಉಳಿಸುವುದೆಂದರೆ ಅವರ ಭಾವಚಿತ್ರಕ್ಕೆ ಹಾರ ಹಾಕುವುದಷ್ಟೇ ಆಗಬಾರದು.

ಮೇಲಾಗಿ, ಮನೋವೈದ್ಯ ಸಾಹಿತ್ಯಕ್ಕೆ ಹೊರಗಿನದೆಂದು ಕನ್ನಡ ಎಂದೂ ತಿಳಿದಿಲ್ಲ. 'ಕೊರವಂಜಿ'ಯ ಮೂಲಕ ನಾಡನ್ನು ನಗಿಸಿದ 'ರಾಶಿ', ಅಂದರೆ ಡಾ. ಎಂ. ಶಿವರಾಂ ಅವರ 'ಮನಮಂಥನ' ಮನಸ್ಸಿನ ಕಾಯಿಲೆಗಳನ್ನು ಕುರಿತ ಗ್ರಂಥ. ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಡಾ. ಸಿ. ಆರ್. ಚಂದ್ರಶೇಖರ್ ದಶಕಗಳಿಂದ ಖಿನ್ನತೆ, ಆತಂಕ, ಚಟಗಳನ್ನು ಕುರಿತು ಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ಬರೆದರು. ನಿಮ್ಹಾನ್ಸ್‌ನಿಂದ ನಿವೃತ್ತರಾದ ಮೇಲೂ ಬೆಂಗಳೂರಿನಲ್ಲಿ 'ಸಮಾಧಾನ' ಎಂಬ ಉಚಿತ ಆಪ್ತಸಲಹಾ ಕೇಂದ್ರವನ್ನು ನಡೆಸಿದರು. 'ಆಪ್ತಸಲಹೆ' ಎಂಬ ಪದವನ್ನೇ ನೋಡಿರಿ. ಸಲಹೆಗಿಂತ ಮೊದಲು ಆಪ್ತತೆಯನ್ನು ಇಟ್ಟ ಭಾಷೆ ನಮ್ಮದು.

ಎರಡನೆಯ ಆಕ್ಷೇಪ: ಅದಕ್ಕೆಲ್ಲ ಆಸ್ಪತ್ರೆಗಳಿವೆ, ಸರ್ಕಾರದ ದೂರವಾಣಿಯೂ ಇದೆ. ಇವೆ, ನಿಜ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ಗೆ ದೇಶದ ಯಾವ ಮೂಲೆಯಿಂದಲೂ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಬಹುದು. ಅದು ಮಾತನಾಡುವ 20 ಭಾಷೆಗಳಲ್ಲಿ ಕನ್ನಡವೂ ಒಂದು. ಇದನ್ನು ನಾವು ಎಷ್ಟು ಆಮಂತ್ರಣ ಪತ್ರಿಕೆಗಳ ಹಿಂಬದಿಯಲ್ಲಿ ಅಚ್ಚುಹಾಕಿಸಿದ್ದೇವೆ? ಒಂದರಲ್ಲೂ ಇಲ್ಲ. ಇನ್ನು ಕಾನೂನು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 22ನೆಯ ಕಲಂ, ಕಾಯಿಲೆಯವರಿಗೆ ನೀಡುವ ಮಾಹಿತಿಯು ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎನ್ನುತ್ತದೆ. ಹಕ್ಕು ಕಾಗದದ ಮೇಲಿದೆ. ಅದನ್ನು ಕೇಳಿ ಪಡೆಯಲು ಜೊತೆಗೆ ನಿಲ್ಲುವವರು ಬೇಕು. ನಿಮ್ಹಾನ್ಸ್ ಮುಂದಾಳುತನದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮನಸ್ಸಿನ ಕಾಯಿಲೆಯುಳ್ಳ ನೂರು ಜನರಲ್ಲಿ, ಕಾಯಿಲೆಯ ಬಗೆಗೆ ತಕ್ಕಂತೆ, 70ರಿಂದ 92 ಮಂದಿ ಚಿಕಿತ್ಸೆಯ ಹೊರಗೇ ಉಳಿದಿದ್ದರು. ಚಿಕಿತ್ಸೆಯ ಬಾಗಿಲಿನವರೆಗೆ ಇವರ ಕೈಹಿಡಿದು ನಡೆಸುವವರು ಯಾರು?

ಆ ಬಾಗಿಲಿನ ಹೆಸರನ್ನೇ ನಾವು ಬೈಗುಳ ಮಾಡಿಕೊಂಡಿದ್ದೇವೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ಗೆ ಸೇರಿಸಬೇಕು ಎಂದು ನಗುತ್ತಿದ್ದವರು ಇಲ್ಲಿಗೆ ಬಂದು ಎರ್ರಗಡ್ಡಕ್ಕೆ ಕಳಿಸಬೇಕು ಎಂದು ನಗಲು ಕಲಿತೆವು. ತೆಲುಗು ನೆಲದಲ್ಲಿ ನಾವು ಬಲುಬೇಗ ಕಲಿತ ನುಡಿಗಟ್ಟು ಇದೇ ಆದರೆ ನಾಚಿಕೆಪಡಬೇಕು.

ಇದಕ್ಕಿಂತ ಸೂಕ್ಷ್ಮವಾದ ತಿರಸ್ಕಾರ ಇನ್ನೊಂದಿದೆ. ಧರ್ಮಾರ್ಥ ಸಂಸ್ಥೆಯೆಂದರೆ ಗತಿಯಿಲ್ಲದವರಿಗೆ, ನಮ್ಮಂಥವರಿಗಲ್ಲ ಎಂಬ ಭಾವನೆ. ಇಂಥ ಸಂಸ್ಥೆಗಳು ಹುಟ್ಟಿದ ಬಗೆಯನ್ನು ತಿಳಿದರೆ ಈ ಭಾವನೆ ನಿಲ್ಲದು. 1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ, ಸಾಯಬೇಕೆನ್ನಿಸಿದವರು ಬಂದು ಮಾತನಾಡಲಿ ಎಂದು 'ಸಮರಿಟನ್ಸ್' ಆರಂಭಿಸಿದರು. ಕಾಯುತ್ತ ಕುಳಿತವರಿಗೆ ಚಹಾ ಕೊಟ್ಟು ಮಾತಿಗೆ ಕೂರುತ್ತಿದ್ದ ಸ್ವಯಂಸೇವಕರೊಡನೆಯೇ ಎಷ್ಟೋ ಜನ ಹಗುರಾಗುತ್ತಿದ್ದುದನ್ನು ಕಂಡು, ಕೇಳಿಸಿಕೊಳ್ಳುವ ಕೆಲಸವನ್ನು ಆ ಸಾಮಾನ್ಯರ ಕೈಗೇ ಒಪ್ಪಿಸಿದರು. ಚೆನ್ನೈಯಲ್ಲಿ 1986ರಲ್ಲಿ 'ಸ್ನೇಹಾ', ನಮ್ಮ ಹೈದರಾಬಾದಿನಲ್ಲಿ 1997ರಲ್ಲಿ 'ರೋಶ್ನಿ' ಅದೇ ಹಾದಿಯಲ್ಲಿ ಮೂಡಿದವು. ತರಬೇತಿ ಪಡೆದ ಸ್ವಯಂಸೇವಕರು ಕೇಳುತ್ತಾರೆ. ಉಪದೇಶಿಸುವುದಿಲ್ಲ, ತೀರ್ಪು ಕೊಡುವುದಿಲ್ಲ, ಗುಟ್ಟು ಬಿಟ್ಟುಕೊಡುವುದಿಲ್ಲ. ಇದು ಭಿಕ್ಷೆಯಲ್ಲ, ನೆರೆಹೊರೆಯ ಹಳೆಯ ಧರ್ಮಕ್ಕೆ ಶಿಸ್ತು ಸೇರಿದ ರೂಪ.

ಮೂರನೆಯ ಆಕ್ಷೇಪಕ್ಕೆ ಮಾತ್ರ ನಾವು ತಲೆಬಾಗುತ್ತೇವೆ. ಕನ್ನಡಿಗರ ಬಳಗ ಚಿಕ್ಕದು. ಇಂದು ಹೇಳಿಕೊಂಡದ್ದು ನಾಳೆ ಯಾರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಕೇಳಿಸುತ್ತದೋ ಎಂಬ ಭಯ. ಈ ಭಯ ಸುಳ್ಳಲ್ಲ. ಆದ್ದರಿಂದಲೇ ಸಂಘಗಳು ತಾವೇ ಒಂದು ಆಪ್ತಸಲಹಾ ಕೇಂದ್ರದ ಫಲಕ ತೂಗುಹಾಕಿ ಉದ್ಘಾಟನೆ ಮಾಡಿಸಬಾರದು. ಪದಾಧಿಕಾರಿಗಳಲ್ಲದ ನಾಲ್ಕೈದು ಜನರನ್ನು ಈಗಾಗಲೇ ಈ ಕೆಲಸ ಬಲ್ಲ ಸಂಸ್ಥೆಗಳಿಗೆ ತರಬೇತಿಗೆ ಕಳುಹಿಸಲಿ. ಅವರು ಆ ಸಂಸ್ಥೆಯ ನಿಯಮಕ್ಕೆ ಒಳಪಟ್ಟು, ಅದರ ಸ್ವಯಂಸೇವಕರಾಗಿಯೇ ಕನ್ನಡದಲ್ಲಿ ಕೇಳಲಿ. ಸಂಘಕ್ಕೆ ಅವರು ವರದಿ ಒಪ್ಪಿಸಬೇಕಾಗಿಲ್ಲ. ಯಾರ ಹೆಸರೂ ವಾರ್ಷಿಕ ವರದಿಯಲ್ಲಿ ಬರಬಾರದು, ಯಾರ ಫೋಟೋವೂ ವಾಟ್ಸಾಪಿಗೆ ಏರಬಾರದು. ವೈದ್ಯರು ಬೇಕಾದ ಕಡೆ ತಾವೇ ವೈದ್ಯರಾಗದೆ, ಮೊದಲ ಭೇಟಿಗೆ ಜೊತೆಯಲ್ಲಿ ಹೋಗಿ, ಹೇಳಿದ್ದನ್ನು ಕೂಡಿಸದೆ ಕಳೆಯದೆ ದಾಟಿಸಲಿ. ಸಂಘ ಕೊಡಬೇಕಾದದ್ದು ಆಟೋ ಬಾಡಿಗೆ, ಸಮಯ ಮತ್ತು ಮೌನ. ಒಂದು ಸನ್ಮಾನದ ಖರ್ಚಿನಲ್ಲಿ ಇದು ತಿಂಗಳುಗಟ್ಟಲೆ ನಡೆದೀತು.

ಆ ತಾಯಿಯ ವಿಷಯಕ್ಕೆ ಬರೋಣ. ನಮ್ಮ ಬಳಗದ ಹಿರಿಯರೊಬ್ಬರು ಕೊನೆಗೂ ಹೋದರು. ಮೊದಲ ದಿನ ಇಬ್ಬರೂ ಅವರೆಕಾಯಿ ಸುಲಿಯುತ್ತ ಕುಳಿತರಂತೆ. ಎರಡನೆಯ ವಾರ ಆಕೆ ಅತ್ತರಂತೆ. ಈಗ ವೈದ್ಯರ ಔಷಧ ನಡೆದಿದೆ, ಊಟ ಸ್ವಲ್ಪ ಸೇರುತ್ತಿದೆ, ಕೆಟ್ಟ ದಿನಗಳೂ ಬರುತ್ತವೆ. ಆಕೆ ಏನು ಹೇಳಿದರೆಂಬುದು ನಮಗೆ ತಿಳಿಯದು. ಹೋದವರು ಹೇಳಿಲ್ಲ, ನಾವೂ ಕೇಳಿಲ್ಲ.

ಬರುವ ನವೆಂಬರಿನ ಸಿದ್ಧತಾ ಸಭೆಗೆ ಹೋಗುವ ಓದುಗರಲ್ಲಿ ನಮ್ಮದೊಂದು ಬೇಡಿಕೆ. ಮುಖ್ಯ ಅತಿಥಿ ಯಾರು ಎಂಬ ಚರ್ಚೆಗೆ ಮೊದಲು, ನಮ್ಮಲ್ಲಿ ಕೇಳಿಸಿಕೊಳ್ಳಲು ಯಾರು ತಯಾರಿದ್ದಾರೆ ಎಂದು ಎದ್ದುನಿಂತು ಕೇಳಿರಿ. ಉತ್ತರ ಬರುವವರೆಗೆ ಕುಳಿತುಕೊಳ್ಳಬೇಡಿರಿ.