ಗುಲಾಬಿಗೂ ಹಣ್ಣುಂಟು!

ಗುಲಾಬಿ ಮುಡಿಯುತ್ತೇವೆ, ಗುಲ್ಕಂದ್ ತಿನ್ನುತ್ತೇವೆ. ಗುಲಾಬಿಗೆ ಹಣ್ಣೂ ಉಂಟೆಂದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕಾಡುಗುಲಾಬಿಯ ಹೂವನ್ನು ಕೀಳದೆ ಬಿಟ್ಟರೆ, ದಳ ಉದುರಿದ ಮೇಲೆ ಬುಡ ಉಬ್ಬಿ ಕೆಂಪಗಾಗುತ್ತದೆ. ಅದೇ ರೋಸ್‌ಹಿಪ್.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಕಿತ್ತಳೆ ಬರುವುದು ಕಷ್ಟವಾದಾಗ, 1941ರಿಂದ ಅಲ್ಲಿನ ಸರಕಾರ ಬೇಲಿಸಾಲಿನ ಈ ಹಣ್ಣುಗಳನ್ನು ಆರಿಸಲು ಜನರಿಗೆ, ಮಕ್ಕಳಿಗೆ ಕರೆಕೊಟ್ಟು ಸಿರಪ್ ಮಾಡಿಸಿತು. ಕಾರಣ, 'ಸಿ' ಜೀವಸತ್ವ. 100 ಗ್ರಾಂ ಕಿತ್ತಳೆಯಲ್ಲಿ ಅದು ಸುಮಾರು 50 ಮಿಲಿಗ್ರಾಂ. ತಾಜಾ ಕಾಡುಗುಲಾಬಿ ಹಣ್ಣಿನಲ್ಲಿ 400 ದಾಟುವುದುಂಟು. ಟೊಮೇಟೊದ ಲೈಕೋಪೀನ್, ಕ್ಯಾರೆಟ್ಟಿನ ಬೀಟಾ ಕೆರೋಟೀನ್ ಕೂಡ ಇದರಲ್ಲಿವೆ. ಗ್ಯಾಲಕ್ಟೋಲಿಪಿಡ್ ಎಂಬ ಇನ್ನೊಂದು ಅಂಶ ಉರಿಯೂತ ತಗ್ಗಿಸಬಹುದೆಂದು ಸಂಶೋಧಕರ ಅಭಿಪ್ರಾಯ. ಡೆನ್ಮಾರ್ಕಿನ ಪರೀಕ್ಷೆಗಳಲ್ಲಿ ಹಣ್ಣಿನ ಪುಡಿಯಿಂದ ಸಂಧಿನೋವು ಸ್ವಲ್ಪ ಇಳಿದಿತ್ತು. 'ಸ್ವಲ್ಪ' ಎಂಬುದನ್ನು ಗಮನಿಸಿ, ಮಕ್ಕಳೇ! ಅಮ್ಮನ ಮಂಡಿನೋವಿಗೆಂದು ದುಬಾರಿ ಡಬ್ಬಿ ತರುವ ಮುನ್ನ ವೈದ್ಯರನ್ನು ಕೇಳಿ. ಅವರು ಕೊಟ್ಟ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಡಬ್ಬಿಯ ಮೇಲೆ 'ಸಾವಯವ' ಎಂದಿದ್ದರೆ ಜೀವಸತ್ವ ಹೆಚ್ಚೆಂದು ಅರ್ಥವಲ್ಲ. ಕೀಟನಾಶಕದ ಭಯ ಕಡಿಮೆ, ಅಷ್ಟೆ. ಆದರೆ ಅದೂ ಸಣ್ಣ ಮಾತಲ್ಲ. ನರ್ಸರಿಯ ಅಲಂಕಾರದ ಗುಲಾಬಿಗೆ ಔಷಧಿ ಹೊಡೆದಿರುವುದುಂಟು. ಅದರ ಹಣ್ಣು ತಿನ್ನಬೇಡಿ. ತಾಜಾ ಹಣ್ಣು ಸಿಕ್ಕಿದರೆ ಬೀಜದ ಸುತ್ತಲಿನ ನವಿರು ರೋಮ ತೆಗೆಯಿರಿ, ಗಂಟಲು ಕೆರೆಯುತ್ತದೆ. ಚಹಾ ಮಾಡುವಾಗ ಬಹಳ ಹೊತ್ತು ಕುದಿಸಿದರೆ 'ಸಿ' ಜೀವಸತ್ವ ಹಾಳು.

ಬರೀ 'ಸಿ' ಜೀವಸತ್ವ ಬೇಕೆಂದರೆ ಇಷ್ಟೆಲ್ಲ ಹುಡುಕಾಟ ಏಕೆ? ತರಕಾರಿ ಮಾರುಕಟ್ಟೆಯ ಬೆಟ್ಟದ ನೆಲ್ಲಿಕಾಯಿ, ಸೀಬೆಹಣ್ಣು ಧಾರಾಳ ಸಾಕು. ಕೈಗೆಟಕುವುದನ್ನು ಮೊದಲು ತಿನ್ನಿ!