ಗಿಂಡಿಯ ಬೀಗವೂ ಹಿಬ್ ಲಸಿಕೆಯೂ

2008ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಂದೇ ಏಟಿಗೆ ಮೂರು ಸರ್ಕಾರಿ ಲಸಿಕಾ ಘಟಕಗಳ ತಯಾರಿಕಾ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. ಕಸೌಲಿಯ ಕೇಂದ್ರೀಯ ಸಂಶೋಧನಾ ಸಂಸ್ಥೆ, ಕೂನೂರಿನ ಪಾಶ್ಚರ್ ಸಂಸ್ಥೆ, ಮತ್ತು ಚೆನ್ನೈನ ಗಿಂಡಿಯಲ್ಲಿ 1948ರಿಂದ ನಡೆಯುತ್ತಿದ್ದ ಬಿಸಿಜಿ ಲಸಿಕಾ ಪ್ರಯೋಗಾಲಯ. ಉತ್ತಮ ತಯಾರಿಕಾ ಪದ್ಧತಿಯ ನಿಯಮಗಳನ್ನು ಪಾಲಿಸಿಲ್ಲ ಎಂಬುದು ಕಾರಣ. ಅದೇ ವರ್ಷ ಸರ್ಕಾರದ ಲಸಿಕಾ ಸಲಹಾ ಸಮಿತಿ ಹಿಬ್ ಎಂಬ ಹೊಸ ಲಸಿಕೆಯನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿ ಎಂದಿತು. ಆ ಲಸಿಕೆಯನ್ನು ಮಾಡುವ ಸರ್ಕಾರಿ ಕಾರ್ಖಾನೆ ದೇಶದಲ್ಲಿ ಒಂದೂ ಇರಲಿಲ್ಲ.

ಈ ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟವರಿಗೆ ಸಂಶಯ ಬಂದದ್ದು ಸಹಜ. ಆದರೆ ಆ ಸಂಶಯ ಮುಂದೆ ಹಿಡಿದ ದಾರಿ ಮಕ್ಕಳಿಗೂ ಒಳ್ಳೆಯದು ಮಾಡಲಿಲ್ಲ, ಗಿಂಡಿಗೂ ಮಾಡಲಿಲ್ಲ. ಸರ್ಕಾರಿ ಕಾರ್ಖಾನೆ ಉಳಿಯಬೇಕು ಎಂಬ ಸರಿಯಾದ ವಾದದ ಜೊತೆಗೆ ಹಿಬ್ ರೋಗ ನಮ್ಮಲ್ಲಿ ಇಲ್ಲವೇ ಇಲ್ಲ, ಇದ್ದರೂ ಲೆಕ್ಕಕ್ಕಿಲ್ಲ ಎಂಬ ತಪ್ಪು ವಾದವನ್ನು ಗಂಟು ಹಾಕಲಾಯಿತು.

ಹಿಬ್ ಎಂದರೆ ಹಿಮೋಫಿಲಸ್ ಇನ್‌ಫ್ಲುಯೆಂಜೆ, ಬಿ ಮಾದರಿ. ಹೆಸರಿನಲ್ಲೇ ಸುಳ್ಳಿದೆ. 1892ರಲ್ಲಿ ರಿಚರ್ಡ್ ಫೈಫರ್ ಇದನ್ನು ಫ್ಲೂ ರೋಗಿಗಳಲ್ಲಿ ಕಂಡು, ಫ್ಲೂಗೆ ಇದೇ ಕಾರಣ ಎಂದರು. 1933ರಲ್ಲಿ ಫ್ಲೂ ವೈರಸ್ ಸಿಕ್ಕಮೇಲೂ ಹೆಸರು ಉಳಿಯಿತು. ಈ ಬ್ಯಾಕ್ಟೀರಿಯಾದ ಕೆಲಸವೇ ಬೇರೆ. ಐದು ವರ್ಷದೊಳಗಿನ, ಅದರಲ್ಲೂ ವರ್ಷ ತುಂಬುವ ಹೊತ್ತಿನ ಕೂಸುಗಳ ಗಂಟಲಲ್ಲಿ ಸದ್ದಿಲ್ಲದೆ ಕೂತು, ಕೆಲವರಲ್ಲಿ ರಕ್ತಕ್ಕೆ ಇಳಿದು ಮಿದುಳಿನ ಪೊರೆಗೋ ಶ್ವಾಸಕೋಶಕ್ಕೋ ಹೋಗುತ್ತದೆ. ಮಿದುಳಿಗೆ ಹೋದರೆ ಔಷಧ ಕೊಟ್ಟು ಬದುಕಿಸಿದ ಮಕ್ಕಳಲ್ಲೂ 100ಕ್ಕೆ 15ರಿಂದ 30ರಷ್ಟು ಮಕ್ಕಳಿಗೆ ಕಿವಿ ಕೇಳದಿರುವುದು, ಫಿಟ್ಸ್, ಬುದ್ಧಿ ಬೆಳೆಯದಿರುವುದು ಮುಂತಾದ ಊನ ಉಳಿಯುತ್ತದೆ. ಹಳ್ಳಿಯಲ್ಲಿ ಅದಕ್ಕೆ ಹಿಬ್ ಎಂಬ ಹೆಸರಿಲ್ಲ. 'ಚಿಕ್ಕಂದಿನಲ್ಲಿ ಜ್ವರ ತಲೆಗೇರಿತ್ತು' ಎನ್ನುತ್ತಾರೆ, ಅಷ್ಟೇ.

ಇದು ಕಣ್ಣಿಗೆ ಬೀಳದಿರುವುದಕ್ಕೆ ಕಾರಣವಿದೆ, ಮತ್ತು ಇಡೀ ಜಗಳ ನಿಂತದ್ದೇ ಇದರ ಮೇಲೆ. ಈ ಬ್ಯಾಕ್ಟೀರಿಯಾ ಬೆಳೆಯಲು ರಕ್ತದ ಕಣಗಳೊಳಗಿನ ಎರಡು ವಸ್ತುಗಳು ಬೇಕು. ಅದಕ್ಕಾಗಿ ರಕ್ತವನ್ನು ಕಾಯಿಸಿ, ಕಣಗಳನ್ನು ಒಡೆದು, ಕಂದು ಬಣ್ಣದ ಮಾಧ್ಯಮ ಮಾಡುತ್ತಾರೆ. ಬಣ್ಣ ನೋಡಿ ಇಟ್ಟ ಹೆಸರು ಚಾಕೊಲೇಟ್ ಅಗರ್. ಅದು ಇಲ್ಲದ ಲ್ಯಾಬಿನಲ್ಲಿ ಬೆನ್ನುನೀರು ಹಾಕಿದರೆ ಏನೂ ಬೆಳೆಯುವುದಿಲ್ಲ. ಬೆನ್ನುನೀರು ತೆಗೆಯುವ ಮೊದಲೇ ಮಗುವಿಗೆ ನಾಲ್ಕು ಡೋಸ್ ಆ್ಯಂಟಿಬಯಾಟಿಕ್ ಬಿದ್ದಿದ್ದರಂತೂ ಚಾಕೊಲೇಟ್ ಅಗರಿನಲ್ಲೂ ಬೆಳೆಯುವುದಿಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಬೆನ್ನಿಗೆ ಸೂಜಿ ಹಾಕುವುದೇ ಅಪರೂಪ. ನ್ಯುಮೋನಿಯಾದಲ್ಲಿ ಇನ್ನೂ ಕಷ್ಟ, ಶ್ವಾಸಕೋಶದೊಳಗಿನ ಕ್ರಿಮಿ ರಕ್ತದಲ್ಲಿ ಸಿಗುವುದು ಕಡಿಮೆ. ಹುಡುಕಲು ಬಾರದ ಕಡೆ ಸಿಗಲಿಲ್ಲ ಎಂಬುದನ್ನೇ 'ಇಲ್ಲ' ಎಂದು ಓದಲಾಯಿತು.

ಹುಡುಕಲು ಬಂದವರಿಗೆ ಸಿಕ್ಕಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ತಮ್ಮ ಸುತ್ತಲಿನ ಮಕ್ಕಳನ್ನು ಎಣಿಸಿ 2008ರಲ್ಲಿ ಪ್ರಕಟಿಸಿದ ಅಂಕಿ: ಐದು ವರ್ಷದೊಳಗಿನ ಲಕ್ಷ ಮಕ್ಕಳಲ್ಲಿ ವರ್ಷಕ್ಕೆ 7.1 ಹಿಬ್ ಮಿದುಳುಪೊರೆ ಜ್ವರ. ವಿರೋಧಿಗಳು ಇದನ್ನೇ ಹಿಡಿದು 'ನೋಡಿ, ಬರೀ ಏಳು' ಎಂದರು. ಐದರೊಳಗಿನ ಮಕ್ಕಳು ದೇಶದಲ್ಲಿ ಹನ್ನೊಂದು ಕೋಟಿಗೂ ಹೆಚ್ಚು. ಲಕ್ಷಕ್ಕೆ ಏಳು ಎಂದರೆ ವರ್ಷಕ್ಕೆ ಸುಮಾರು ಎಂಟು ಸಾವಿರ ಮಕ್ಕಳು, ಅದೂ ಲ್ಯಾಬಿನಲ್ಲಿ ಸಿಕ್ಕಿಬಿದ್ದ ಮಿದುಳಿನ ಕಾಯಿಲೆ ಮಾತ್ರ, ನ್ಯುಮೋನಿಯಾ ಇದರಲ್ಲಿಲ್ಲ. ಬರೀ ಏಳು ಎಂದವರು ಈ ಗುಣಾಕಾರವನ್ನು ಮಾಡಿ ತೋರಿಸಬೇಕಿತ್ತು.

ಇಂಡೋನೇಷ್ಯಾದ ಲಾಂಬಾಕ್ ದ್ವೀಪದ ಪ್ರಯೋಗವನ್ನೂ ಅವರು ಅರ್ಧವೇ ಓದಿದರು. ಅಲ್ಲಿ ಎಕ್ಸ್-ರೇಯಲ್ಲಿ ಕಾಣುವ ನ್ಯುಮೋನಿಯಾ ಲಸಿಕೆಯಿಂದ ಕಡಿಮೆಯಾಗಲಿಲ್ಲ, ನಿಜ. ಆದರೆ ಲಸಿಕೆ ಪಡೆದವರಿಗೂ ಪಡೆಯದವರಿಗೂ ಹೋಲಿಸಿದಾಗ, ಮಿದುಳುಪೊರೆ ಜ್ವರ ಲ್ಯಾಬಿನಲ್ಲಿ ಕಂಡದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತೆಂದು ಗೊತ್ತಾದದ್ದೂ ಅದೇ ಪ್ರಯೋಗದಲ್ಲಿ. ಪಶ್ಚಿಮ ಆಫ್ರಿಕದ ಗ್ಯಾಂಬಿಯಾದಲ್ಲಿ ಇದೇ ಲಸಿಕೆ ಎಕ್ಸ್-ರೇ ನ್ಯುಮೋನಿಯಾವನ್ನು ನೂರಕ್ಕೆ 21ರಷ್ಟು ಇಳಿಸಿತ್ತು. ಆ ಬಡ ದೇಶ 1997ರಲ್ಲೇ ಲಸಿಕೆಯನ್ನು ಎಲ್ಲ ಮಕ್ಕಳಿಗೂ ಕೊಟ್ಟಿತು. ನಮ್ಮಲ್ಲಿ 2009ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ. ಶ್ರೀಲಂಕಾದಲ್ಲಿ ಲಸಿಕೆಯ ನಂತರ ಕೆಲವು ಮಕ್ಕಳು ತೀರಿಕೊಂಡಾಗ 2008ರಲ್ಲಿ ನಿಲ್ಲಿಸಿದರು, ತನಿಖೆ ನಡೆಸಿ 2010ರಲ್ಲಿ ಮತ್ತೆ ಶುರುಮಾಡಿದರು. ಇಲ್ಲಿ ನಿಲ್ಲಿಸಿದ ಸುದ್ದಿಯಷ್ಟು ದೂರ ಶುರುಮಾಡಿದ ಸುದ್ದಿ ಹೋಗಲಿಲ್ಲ.

ಕೊನೆಗೆ 2011ರ ಡಿಸೆಂಬರಿನಲ್ಲಿ ತಮಿಳುನಾಡು ಮತ್ತು ಕೇರಳದಲ್ಲಿ ಪೆಂಟಾವೇಲೆಂಟ್ ಲಸಿಕೆ ಬಂತು: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಜೊತೆಗೆ ಹಿಬ್, ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ. ಕರ್ನಾಟಕಕ್ಕೆ ಬಂದದ್ದು 2013ರಲ್ಲಿ. ಮೊದಲ ಹಿಬ್ ಕಾಂಜುಗೇಟ್ ಲಸಿಕೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1987ರಲ್ಲಿ. ಅಲ್ಲಿಂದ ಇಲ್ಲಿಗೆ ಇಪ್ಪತ್ತಾರು ವರ್ಷ.

ಈಗ ಇನ್ನೊಂದು ಬದಿ. ಲಸಿಕೆ ಬೇಕು ಎಂದವರು ಗಿಂಡಿಯ ಬೀಗದ ಬಗ್ಗೆ ಬಾಯಿ ಬಿಡಲಿಲ್ಲ. ನಿಯಮ ಪಾಲಿಸಿಲ್ಲ ಎಂದರೆ ಕಟ್ಟಡ ಹಳತು, ಯಂತ್ರ ಹಳತು ಎಂದರ್ಥ. ಕಟ್ಟಡ, ಯಂತ್ರ ಎರಡರ ಯಜಮಾನ ಸರ್ಕಾರವೇ. ತನ್ನ ಮನೆಯ ಸೂರು ತಾನೇ ದುರಸ್ತಿ ಮಾಡದೆ, ಸೋರುತ್ತಿದೆ ಎಂದು ತನಗೇ ನೋಟಿಸು ಕೊಟ್ಟುಕೊಂಡ ಹಾಗಾಯಿತು. ಲಸಿಕೆಗಳ ಕೊರತೆ ಬಿತ್ತು, ಖಾಸಗಿಯವರಿಂದ ಕೊಳ್ಳಬೇಕಾಯಿತು, ಸಂಸದೀಯ ಸಮಿತಿ ಛೀಮಾರಿ ಹಾಕಿತು. 2010ರ ಫೆಬ್ರುವರಿಯಲ್ಲಿ ಅಮಾನತು ತೆರವಾಯಿತು. ಆ ಹೊತ್ತಿಗೆ ಪೇಟೆ ಕೈದಾಟಿತ್ತು. ಗಿಂಡಿಯ ಕಿಂಗ್ ಸಂಸ್ಥೆ 1899ರಿಂದ ಸಿಡುಬಿನ ಲಸಿಕೆ ಮಾಡಿ ಮದ್ರಾಸ್ ಪ್ರಾಂತಕ್ಕೆಲ್ಲ ಹಂಚಿದ ಊರು ಅದು. ಕನ್ನಡಿಗರಿಗೆ ಇದು ದೂರದ ಕತೆಯೂ ಅಲ್ಲ. ಬೆಳಗಾವಿಯ ವ್ಯಾಕ್ಸಿನ್ ಡಿಪೋ ಒಂದು ಕಾಲಕ್ಕೆ ಸಿಡುಬಿನ ಲಸಿಕೆ ಮಾಡುತ್ತಿತ್ತು. ಈಗ ಅಲ್ಲಿ ಸಭೆ, ಸಮಾರಂಭ ನಡೆಯುತ್ತವೆ.

ಸರ್ಕಾರಕ್ಕೆ ಇದು ಆಗದ ಕೆಲಸ ಎನ್ನುವವರು ಕ್ಯೂಬಾ ನೋಡಬೇಕು. ನಮ್ಮ ಒಂದು ದೊಡ್ಡ ನಗರದಷ್ಟು ಜನರಿರುವ ಆ ದೇಶದ ವಿಜ್ಞಾನಿಗಳು, ವಿಸೆಂತೆ ವೆರೆಸ್ ಬೆಂಕೊಮೊ ಮುಂದಾಳುತನದಲ್ಲಿ, ಹಿಬ್‌ನ ಸಕ್ಕರೆಪೊರೆಯನ್ನು ಬ್ಯಾಕ್ಟೀರಿಯಾದಿಂದ ತೆಗೆಯದೆ ಪ್ರಯೋಗಾಲಯದಲ್ಲೇ ಕಟ್ಟಿ ಲಸಿಕೆ ಮಾಡಿದರು. ಮನುಷ್ಯರಿಗೆ ಬಳಸಿದ ಮೊದಲ ಸಂಶ್ಲೇಷಿತ ಸಕ್ಕರೆ ಲಸಿಕೆ ಅದು. 2004ರಲ್ಲಿ ಜಗತ್ತು ಅದನ್ನು ಓದಿತು. ನಾಲ್ಕು ವರ್ಷದ ನಂತರ ನಾವು ಗಿಂಡಿಗೆ ಬೀಗ ಹಾಕಿದೆವು.

ಬೀಗದ ಬದಲಿಗೆ ಕೇಂದ್ರ ಕೊಟ್ಟದ್ದು ಚೆಂಗಲ್‌ಪಟ್ಟಿನ ಸಮಗ್ರ ಲಸಿಕಾ ಸಂಕೀರ್ಣದ ಭರವಸೆ. 2012ರಲ್ಲಿ ಮಂಜೂರು, 594 ಕೋಟಿ ರೂಪಾಯಿ, ನೂರು ಎಕರೆ. ಮಾಡಬೇಕಾದ ಲಸಿಕೆಗಳ ಪಟ್ಟಿಯಲ್ಲಿ ಪೆಂಟಾವೇಲೆಂಟ್ ಇತ್ತು, ಹಿಬ್ ಇತ್ತು. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯ ನಡುವೆ, ಮುಖ್ಯಮಂತ್ರಿ ಸ್ಟಾಲಿನ್ ಅಲ್ಲಿಗೆ ಹೋಗಿ ನೋಡಿದಾಗ ಕಟ್ಟಡಗಳು ನಿಂತಿದ್ದವು, ಯಂತ್ರಗಳು ಬಂದಿದ್ದವು. ಒಂದು ಡೋಸ್ ಲಸಿಕೆಯೂ ಹೊರಬಂದಿರಲಿಲ್ಲ. ಅದನ್ನು ರಾಜ್ಯಕ್ಕೆ ಗುತ್ತಿಗೆಗೆ ಕೊಡಿ ಎಂದು ಅವರು ಪ್ರಧಾನಿಗೆ ಪತ್ರ ಬರೆದರು.